ಹಗ್ಗ ಹಿಡಿದವರ ಪಾಲು

ಆಂಡರ್ಸನ್‌ಪೇಟೆಯಲ್ಲಿ ಬೆಳೆದವರಿಗೆ ಮರಳು ಹೊಸದಲ್ಲ. ಊರಿನ ಬೆನ್ನಿಗೇ ಸೈನೈಡ್ ದಿಬ್ಬಗಳಿವೆ. ನೂರಿಪ್ಪತ್ತು ವರ್ಷ ಗಣಿಯಿಂದ ಮೇಲೆತ್ತಿದ ಕಲ್ಲನ್ನು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಬೂದು ಪುಡಿಯ ಗುಡ್ಡಗಳವು. ಬೇಸಿಗೆಯ ಗಾಳಿಗೆ ಆ ಪುಡಿ ಎದ್ದು ಬಂದು ಒಣಗಲು ಹಾಕಿದ ಬಟ್ಟೆಯ ಮೇಲೂ ಮುಚ್ಚಳವಿಲ್ಲದ ಪಾತ್ರೆಯ ಮೇಲೂ ಕೂರುತ್ತದೆ. ಅಷ್ಟೊಂದು ಮರಳಿದ್ದರೂ ಅದರ ಆಚೆ ಅಲೆಯಿಲ್ಲ. ದಿಬ್ಬ ಹತ್ತಿ ನಿಂತರೆ ಕಾಣುವುದು ತುಕ್ಕು ಹಿಡಿದ ಶಾಫ್ಟ್ ಗೋಪುರಗಳು, ಸಾಲು ಸಾಲು ಲೈನ್ ಮನೆಗಳು, ಮಾರಿಕುಪ್ಪಮ್ ಕಡೆಗೆ ತೆವಳುವ ರೈಲು.

ಇನ್ನೊಂದು ವಿಚಿತ್ರವೂ ಉಂಟು. ನಮ್ಮೂರು ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಚಾಂಪಿಯನ್ ರೀಫ್ ಗಣಿಯ ತಳವೋ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಲೆಕ್ಕ ಹಾಕಿದರೆ ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ ಹೋಗಿ ದುಡಿದು ಬಂದವರು ನಮ್ಮ ಬೀದಿಯಲ್ಲಿದ್ದರು. ಅವರಲ್ಲಿ ಅನೇಕರು ಸಮುದ್ರವನ್ನೇ ಕಾಣದೆ ತೀರಿಕೊಂಡರು. ನಮ್ಮ ತಾತನೂ ಅವರಲ್ಲೊಬ್ಬ.

ಹಾಗಂತ ನಮ್ಮದು ಮೀನು ಕಾಣದ ಊರಲ್ಲ. ಗಣಿ ಕೆಲಸಕ್ಕೆಂದು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದವರು ಮೀನ್ ಕೊಳಂಬನ್ನೂ ಜೊತೆಗೆ ತಂದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಮಾತಾಡಿ ಬೆಳೆದ ನಮ್ಮಂಥವರ ಮನೆಗಳಲ್ಲಿ ಮುದ್ದೆಗೆ ಬದನೆಕಾಯಿ-ಕರುವಾಡಿನ (ಒಣಮೀನಿನ) ಸಾರು, ಭಾನುವಾರ ಬೇತಮಂಗಲದ ಕೆರೆಯ ಜಿಲೇಬಿ ಮೀನು, ಕೈಯಲ್ಲಿ ನಾಲ್ಕು ಕಾಸಿದ್ದರೆ ಐಸ್ ಪೆಟ್ಟಿಗೆಯಲ್ಲಿ ಬಂದ ಕಡಲ ಮೀನು. ಆ ಮೀನು ಯಾವ ಕಡಲಿನದು ಎಂದು ಕೇಳುವವರಿಲ್ಲ. ಕಣ್ಣು ಒಳಗೆ ಹೋಗಿದೆಯೋ, ಕಿವಿರು ಕೆಂಪಗಿದೆಯೋ ಎಂದಷ್ಟೇ ನೋಡುತ್ತಿದ್ದೆವು.

ಋತುಮಾನ ಎಂಬುದು ನಮಗೆ ತಿಳಿಯುತ್ತಿದ್ದದ್ದು ಮೀನಿನವನ ಬಾಯಿಂದ. ಏಪ್ರಿಲ್ ಮಧ್ಯದಿಂದ ‘ಮದ್ರಾಸ್ ಬಂದ್, ಇದು ಮಂಗಳೂರಿನದು’ ಎನ್ನುತ್ತಿದ್ದ. ಮಳೆ ಶುರುವಾದ ಮೇಲೆ ‘ಮಂಗಳೂರು ಬಂದ್’. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ ಎಂಬ ನಿಯಮ ಆಗ ಗೊತ್ತಿರಲಿಲ್ಲ. ಎರಡೂ ಕಡೆ ಅರುವತ್ತೊಂದು ದಿನ. ಜೂನ್ ತಿಂಗಳ ಮೊದಲ ಎರಡು ವಾರ ಎರಡು ಕಡಲೂ ಒಟ್ಟಿಗೆ ಬಾಗಿಲು ಹಾಕಿರುತ್ತವೆ. ಎರಡರ ನಡುವೆ ಕೂತ ನಮ್ಮೂರಿಗೆ ಆಗ ಕೆರೆಯೇ ಗತಿ, ಕರುವಾಡೇ ಗತಿ.

ಕಡಲು ಬಾಗಿಲು ತೆರೆಯುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಹುಟ್ಟಿಸಿದವನು ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯ. ಮಲ್ಪೆಯ ಎದುರಿನ ಪಡುಕೆರೆಯವನು, ಮೊಗವೀರರ ಮನೆಯ ಹುಡುಗ. “ಆಟಿಯಲ್ಲಿ ಬರಬೇಡ, ಬರೀ ಮಳೆ ನೋಡಿಕೊಂಡು ಹೋಗ್ತೀಯ. ಸೋಣ ತಿಂಗಳಲ್ಲಿ ಬಾ. ಬಂಗುಡೆ ದಡಕ್ಕೇ ಬರ್ತದೆ,” ಎಂದಿದ್ದ. ಹೋಗಿ ಬಂದೆ. ಬಂದು ತಿಂಗಳುಗಳೇ ಕಳೆದರೂ ಆ ದಡದಲ್ಲಿ ನನ್ನ ಕೈಗೆ ಬಂದ ಒಂದು ಚೀಲ ಮೀನಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಘಟ್ಟ ಇಳಿಯುವಾಗಲೇ ಗಾಳಿ ಬದಲಾಯಿತು. ಕೋಲಾರದ ಗಾಳಿಯಲ್ಲಿ ಬೆವರು ಒಣಗುತ್ತದೆ. ಇಲ್ಲಿ ಅದು ಮೈಬಿಟ್ಟು ಹೋಗುವುದೇ ಇಲ್ಲ. ಬೆಳಗಾಗುವ ಹೊತ್ತಿಗೆ ಗೆಳೆಯ ನನ್ನನ್ನು ನೇರ ಮಲ್ಪೆ ಬಂದರಿಗೆ ಕರೆದೊಯ್ದ. ಸಾವಿರದ ಲೆಕ್ಕದಲ್ಲಿ ದೋಣಿಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ನೂಲ ಹುಣ್ಣಿಮೆಯ ಸಮುದ್ರ ಪೂಜೆ ಆಗಷ್ಟೇ ಮುಗಿದಿತ್ತು. ವಡಭಾಂಡೇಶ್ವರದ ಬಲರಾಮನಿಗೂ ಬೊಬ್ಬರ್ಯನಿಗೂ ಪೂಜೆ ಕೊಟ್ಟು, ಮೆರವಣಿಗೆಯಲ್ಲಿ ಹೋಗಿ ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸುವ ದಿನ ಅದು. ಹಲವು ದೋಣಿಗಳ ಮೂತಿಯಲ್ಲಿ ಬಾಡಿದ ಹೂವಿನ ಹಾರ ಇನ್ನೂ ತೂಗುತ್ತಿತ್ತು. ನಮ್ಮ ಕಡೆ ಆಯುಧ ಪೂಜೆಯ ಮಾರನೆಯ ದಿನ ಯಂತ್ರಗಳು ಕಾಣುತ್ತಿದ್ದದ್ದೂ ಹೀಗೆಯೇ.

ಬಂದರಿನಲ್ಲಿ ಕಡಲಿಗಿಂತ ಐಸ್ ಹೆಚ್ಚು ಕಣ್ಣಿಗೆ ಬೀಳುತ್ತದೆ. ಮಂಜುಗಡ್ಡೆಯನ್ನು ಪುಡಿ ಮಾಡುವ ಯಂತ್ರದ ಸದ್ದು, ತಳ್ಳುಗಾಡಿ, ಬುಟ್ಟಿ, ಕೇರಳದ ನಂಬರ್ ಪ್ಲೇಟಿನ ಲಾರಿಗಳು. ದೋಣಿಗಳಿಂದ ಮೀನು ಇಳಿಸುತ್ತಿದ್ದವರಲ್ಲಿ ಒಡಿಶಾದ ಹುಡುಗರೂ ಇದ್ದರು. ಏಲಂ ಕೂಗುವ ಜಾಗದಲ್ಲಿ ಮಾತ್ರ ಹೆಂಗಸರದ್ದೇ ರಾಜ್ಯ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಬುಟ್ಟಿಯ ಮುಂದೆ ನಿಂತ ಒಬ್ಬಾಕೆ ಕಣ್ಣಿನ ಸನ್ನೆಯಲ್ಲೇ ಬೆಲೆ ಏರಿಸುತ್ತಿದ್ದಳು. ನಾನು ಬಗ್ಗಿ ಮೀನಿನ ಕಿವಿರು ಎತ್ತಿ ನೋಡಲು ಹೋದೆ. “ಅಣ್ಣ, ಇದು ಈಗ ಬಂದದ್ದು. ಘಟ್ಟದ ಮೇಲಿನವರಾ?” ಎಂದಳು. ಮೀನನ್ನು ಅನುಮಾನದಿಂದ ನೋಡುವವನು ಘಟ್ಟದ ಮೇಲಿನವನೇ ಇರಬೇಕು ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಪಡುಕೆರೆ ಒಂದು ಸಣ್ಣ ಪಟ್ಟಿಯಂಥ ನೆಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ. ನಡುವೆ ಒಂದು ರಸ್ತೆ, ತೆಂಗಿನ ಮರ, ಗಾಳಿಮರ, ಹೆಂಚಿನ ಮನೆಗಳು. ಕಡಲ್ಕೊರೆತ ತಡೆಯಲು ಕೆಲವು ಕಡೆ ಕಪ್ಪು ಬಂಡೆಗಳನ್ನು ಪೇರಿಸಿದ್ದಾರೆ. ಗೆಳೆಯನ ಮನೆಯ ಹಿಂದಿನ ಬಾಗಿಲು ತೆರೆದರೆ ಮರಳು, ಮರಳಿನ ಆಚೆ ಅಲೆ.

ಆ ದಿನ ಬೆಳಿಗ್ಗೆ ಕೈರಂಪಣಿ ಇತ್ತು. ಅದು ದಡದಿಂದಲೇ ಎಳೆಯುವ ಬಲೆ. ದೊಡ್ಡ ದೋಣಿಗಳಿಗೆ ಕಡಲು ಮುಚ್ಚಿರುವ ತಿಂಗಳುಗಳಲ್ಲಿ, ಅದು ತೆರೆದ ಮೇಲಿನ ಕೆಲವು ವಾರಗಳಲ್ಲಿ, ಇವರು ಹೀಗೆ ದಡದ ಮೀನು ಹಿಡಿಯುತ್ತಾರೆ. ಮಳೆಗಾಲದ ಆರಂಭದಲ್ಲಿ ಒಮ್ಮೆ ತೂಫಾನ್ ಎದ್ದು ನೀರು ಅಡಿಮೇಲಾದರೆ ಮಾತ್ರ ಮೀನು ದಡದತ್ತ ಬರುತ್ತದೆ ಎಂದು ಕಾಯುತ್ತಾರೆ. ಅದರ ಹಿಂದಿನ ಕಾರಣವನ್ನು ಕಡಲ ವಿಜ್ಞಾನಿಗಳು ಬೇರೆ ಮಾತಿನಲ್ಲಿ ಹೇಳುತ್ತಾರೆ. ನೈರುತ್ಯ ಮಾರುತದ ಕಾಲದಲ್ಲಿ ಮೇಲ್ಪದರದ ನೀರು ದಡದಿಂದ ದೂರ ಸರಿಯುತ್ತದೆ, ತಳದ ತಣ್ಣನೆಯ ಸಾರವುಳ್ಳ ನೀರು ಮೇಲೆ ಬರುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಸಸ್ಯ-ಪ್ರಾಣಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆಗಳು ಆ ಊಟಕ್ಕೆ ಗುಂಪುಗುಂಪಾಗಿ ಬರುತ್ತವೆ.

ದಡದಲ್ಲಿ ಇಪ್ಪತ್ತೈದು ಮೂವತ್ತು ಮಂದಿ ಸೇರಿದ್ದರು. ಹೆಚ್ಚಿನವರು ಐವತ್ತು ದಾಟಿದವರು. ಒಬ್ಬ ಹಿರಿಯರು ಹಣೆಗೆ ಕೈ ಅಡ್ಡ ಹಿಡಿದು ನೀರನ್ನೇ ನೋಡುತ್ತಿದ್ದರು. ನನಗೆ ಅಲ್ಲಿ ಕಂಡದ್ದು ನೀರು ಮಾತ್ರ. ಅವರಿಗೆ ಒಂದು ಕಡೆ ನೀರಿನ ಬಣ್ಣ ಕಂದಿದ್ದು, ಅದರ ಮೇಲೆ ಹಕ್ಕಿಗಳು ಸುತ್ತುತ್ತಿದ್ದದ್ದು ಕಂಡಿತ್ತು. ಕೈ ಕೆಳಗಿಳಿಸಿದರು. ಅದೇ ಅಪ್ಪಣೆ. ಹಗ್ಗದ ಒಂದು ತುದಿಯನ್ನು ದಡದಲ್ಲೇ ಬಿಟ್ಟು ಸಣ್ಣ ದೋಣಿ ಅಲೆ ಸೀಳಿಕೊಂಡು ಹೊರಟಿತು. ಬಲೆಯನ್ನು ಅರ್ಧಚಂದ್ರಾಕಾರಕ್ಕೆ ಬಿಡುತ್ತಾ ಸುತ್ತಿ ಬಂದು ಇನ್ನೊಂದು ತುದಿಯನ್ನು ನಮ್ಮಿಂದ ದೂರದಲ್ಲಿ ದಡಕ್ಕೆ ತಲುಪಿಸಿತು. ಈಗ ಎರಡು ಗುಂಪು, ಎರಡು ಹಗ್ಗ.

“ಬನ್ನಿ ಮಾರಾಯ್ರೆ, ನಿಂತು ನೋಡಿದ್ರೆ ಮೀನು ಬರುದಿಲ್ಲ,” ಎಂದು ಯಾರೋ ಕರೆದರು. ಹಿರಿಯರು ಮೊದಲೇ ತೋರಿಸಿಕೊಟ್ಟರು. ಕೈಯಿಂದ ಎಳೆಯುವುದಲ್ಲ, ಹಗ್ಗವನ್ನು ಸೊಂಟಕ್ಕೆ ಆನಿಸಿ, ಮೈಭಾರವನ್ನೆಲ್ಲ ಹಿಂದಕ್ಕೆ ಕೊಟ್ಟು, ಹಿಮ್ಮಡಿ ಊರಿ ಹಿಂದೆ ಹಿಂದೆ ನಡೆಯಬೇಕು. ಸಾಲಿನ ಕೊನೆಗೆ ತಲುಪಿದವನು ಹಗ್ಗ ಬಿಟ್ಟು, ನೀರಿನ ಅಂಚಿಗೆ ಓಡಿ, ಮತ್ತೆ ಮುಂದಿನಿಂದ ಹಿಡಿಯುತ್ತಾನೆ. ಹಾಗೆ ಸಾಲು ಸುತ್ತುತ್ತಲೇ ಇರುತ್ತದೆ, ಯಾರೂ ಮೊದಲಿಗರಲ್ಲ, ಯಾರೂ ಕೊನೆಯವರಲ್ಲ. ಒದ್ದೆ ಹಗ್ಗ ಅಂಗೈಯನ್ನು ಉಜ್ಜುತ್ತಿತ್ತು. ಅಲೆ ಹಿಂದೆ ಸರಿಯುವಾಗ ಬಲೆ ನಮ್ಮನ್ನೇ ಕಡಲಿಗೆ ಎಳೆಯುತ್ತಿತ್ತು. ಆಗ ಬರೀ ಹಿಡಿದು ನಿಲ್ಲಬೇಕು. ಅಲೆ ದಡಕ್ಕೆ ಬರುವಾಗ ಎಳೆಯಬೇಕು. ಎರಡು ಗುಂಪುಗಳೂ ಎಳೆಯುತ್ತಾ ಎಳೆಯುತ್ತಾ ಹತ್ತಿರವಾದವು. ಬಲೆಯ ರೆಕ್ಕೆಗಳು ಮೇಲೆ ಬಂದವು. ಕೊನೆಗೆ ಬಲೆಯ ಹೊಟ್ಟೆ.

ಅದು ದಡಕ್ಕೆ ಬಂದಾಗ ಮಳೆ ಹೊಯ್ದಂಥ ಸದ್ದು. ನೂರಾರು ಬಂಗುಡೆಗಳು ಒಟ್ಟಿಗೆ ಬಾಲ ಬಡಿಯುತ್ತಿದ್ದವು. ನಡುನಡುವೆ ಬೂತಾಯಿ, ಒಂದಷ್ಟು ಸಿಗಡಿ, ಚಪ್ಪಟೆಯಾಗಿ ಮರಳಿಗಂಟಿದ ನಂಗು. ನಾನು ಒಂದು ಬಂಗುಡೆಯನ್ನು ಕೈಗೆತ್ತಿಕೊಂಡೆ. ಚಿಕ್ಕಂದಿನಿಂದ ತಿಂದ ಮೀನೇ, ಆದರೂ ನೋಡಿರಲಿಲ್ಲ. ಹಸಿರು-ನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ಮೈಯ ಮೇಲ್ಭಾಗದಲ್ಲಿ ತಲೆಯಿಂದ ಬಾಲದವರೆಗೆ ಹೊಳೆಯುವ ಸಣ್ಣ ಬಂಗಾರದ ಗೆರೆಗಳು. ನಮ್ಮೂರಿನ ಐಸ್ ಪೆಟ್ಟಿಗೆಯಲ್ಲಿ ಆ ಗೆರೆಗಳು ಕಪ್ಪು. ಅದೇ ಅದರ ಬಣ್ಣ ಎಂದುಕೊಂಡೇ ಇಷ್ಟು ವರ್ಷ ಉಂಡಿದ್ದೆವು. ಸತ್ತ ಸ್ವಲ್ಪ ಹೊತ್ತಿಗೆ ಬಂಗಾರ ಆರಿಹೋಗುತ್ತದಂತೆ. ಚಿನ್ನದ ಊರಿನಿಂದ ಬಂದವನಿಗೆ ಅದನ್ನು ತೋರಿಸಿ ಗೆಳೆಯ ನಕ್ಕ.

ಆಮೇಲೆ ಪಾಲು. ಮರಳಿನ ಮೇಲೆ ಮೀನನ್ನು ರಾಶಿ ಹಾಕಿದರು. ಬಲೆಗೆ, ದೋಣಿಗೆ ಮೊದಲು ಪಾಲು ತೆಗೆದು, ಉಳಿದದ್ದರಲ್ಲಿ ಹೆಚ್ಚಿನದು ದಡಕ್ಕೇ ಬಂದಿದ್ದ ವ್ಯಾಪಾರದ ಹೆಂಗಸರ ಬುಟ್ಟಿಗೆ ಹೋಯಿತು. ಆ ಹಣ ಎಳೆದವರ ನಡುವೆ ಹಂಚಿಕೆ. ಕೊನೆಯಲ್ಲಿ ಪ್ರತಿಯೊಬ್ಬರಿಗೂ ಮನೆಯ ಸಾರಿಗೆಂದು ಒಂದಷ್ಟು ಮೀನು. ಮೊಣಕಾಲುದ್ದದ ಹುಡುಗನೊಬ್ಬ ಹಗ್ಗದ ತುದಿಗೆ ಜೋತುಬಿದ್ದಿದ್ದನಷ್ಟೇ, ಅವನ ಪುಟ್ಟ ಬಕೆಟ್ಟಿಗೂ ಮೂರು ಬಂದವು. ಹಿರಿಯರು ನನ್ನ ಕಡೆ ಒಂದು ಚೀಲ ಚಾಚಿದರು. ನಾನು ಜೇಬಿಗೆ ಕೈ ಹಾಕಿದೆ.

“ಹಗ್ಗ ಹಿಡಿದಿದ್ದೀರಲ್ಲ? ಹಿಡಿದವರಿಗೆ ಉಂಟು,” ಎಂದರು. ದಯೆಯ ಧ್ವನಿಯಲ್ಲ, ಲೆಕ್ಕ ಹೇಳುವವರ ಧ್ವನಿ.

ಚೀಲ ಹಿಡಿದು ಮರಳಿನಲ್ಲಿ ನಡೆಯುವಾಗ ನೆನಪಾದದ್ದು ತಾತ. ಪಾಳಿ ಮುಗಿಸಿ ಮೇಲೆ ಬಂದ ಗಣಿಯಾಳನ್ನು ಗೇಟಿನಲ್ಲಿ ನಿಲ್ಲಿಸಿ ಮೈ ತಡವುತ್ತಿದ್ದರು. ಕಲ್ಲಿನ ಚೂರಲ್ಲಿ ಚಿನ್ನ ಹೋದೀತೆಂಬ ಭಯ. ತಾತ ಅದನ್ನು ಬೇಸರವಿಲ್ಲದೆ ಹೇಳುತ್ತಿದ್ದ, ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜವಾಗಿ. ಆದರೆ ಎಲ್ಲರೂ ಎಲ್ಲ ಕಾಲದಲ್ಲೂ ಅದನ್ನು ಸಹಜವೆಂದು ಬಗೆದವರಲ್ಲ. ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕೆಂಬ ಕ್ರಮದ ವಿರುದ್ಧ 1930ರಲ್ಲಿ ಕೋಲಾರ ಚಿನ್ನದ ಗಣಿಗಳ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿದ್ದರು. ಕೂಲಿಯಷ್ಟೇ ಅಲ್ಲ, ತಮ್ಮನ್ನು ಕಳ್ಳರೆಂದು ಎಣಿಸುವುದೂ ಅವರಿಗೆ ಪ್ರಶ್ನೆಯಾಗಿತ್ತು. ನಮ್ಮ ನೆಲದಿಂದ ಒಟ್ಟು ಎಂಟುನೂರು ಟನ್ನಿಗೂ ಮೀರಿ ಚಿನ್ನ ಹೊರಬಂತು. ಅದನ್ನು ಮೇಲೆತ್ತಿದವರು ಖಾಲಿ ಕೈಯಲ್ಲಿದ್ದಾರೆ ಎಂದು ಖಾತ್ರಿಯಾದ ಮೇಲೆಯೇ ಮನೆಗೆ ಹೋಗುತ್ತಿದ್ದರು. ಇಲ್ಲಿ ಒಂದು ಬೆಳಿಗ್ಗೆ ಹಗ್ಗಕ್ಕೆ ಜೋತುಬಿದ್ದ ಪರವೂರಿನವನು ಖಾಲಿ ಕೈಯಲ್ಲಿ ಹೋಗಬಾರದು ಎನ್ನುತ್ತಾರೆ.

ಗೆಳೆಯನ ಅಮ್ಮ ಚೀಲವನ್ನು ಇಸಿದುಕೊಂಡು, ತೂಗಿ ನೋಡುವಂತೆ ಎತ್ತಿ, “ಪುಳಿಮುಂಚಿಗೆ ಸಾಕು,” ಎಂದರು. ಹಿತ್ತಲಿನ ಬಾವಿಕಟ್ಟೆಯ ಪಕ್ಕ ಮೆಟ್ಟುಕತ್ತಿ ಇಟ್ಟುಕೊಂಡು ಕೂತರು. ಒಂದು ಕಾಲಿನಿಂದ ಮಣೆ ಅದುಮಿ, ಎರಡು ಕೈಯಲ್ಲೂ ಮೀನು ಹಿಡಿದು ಅಲಗಿಗೆ ಒತ್ತುವುದು. ರೆಕ್ಕೆ, ಬಾಲ, ಕಿವಿರು, ಕರುಳು. ಒಂದು ಮೀನಿಗೆ ಐದಾರು ಚಲನೆ. ಬೆಕ್ಕಿಗೆ ತನ್ನ ಸರದಿ ಗೊತ್ತಿತ್ತು. ಮೀನಿನ ಬೆನ್ನಿನ ಗೆರೆಗಳು ಆಗಲೇ ಮಂಕಾಗಿದ್ದವು.

“ಬಂಗುಡೆ ಕಾಯುವ ಮೀನಲ್ಲ,” ಎಂದರು ಅಮ್ಮ. ಎಣ್ಣೆಯಂಶ ಹೆಚ್ಚು, ಮಾಂಸ ಕಂದು, ಬೇಗ ಕೆಡುತ್ತದೆ. ಬೆಳಗಿನ ಮೀನು ಮಧ್ಯಾಹ್ನದೊಳಗೆ ಹುಳಿಗೋ ಉಪ್ಪಿಗೋ ಬೀಳಬೇಕು. ನಮ್ಮೂರಿಗೆ ಬಂಗುಡೆ ಬರುವ ಹೊತ್ತಿಗೆ ಅದಕ್ಕೊಂದು ವಾಸನೆ ಬಂದಿರುತ್ತದೆ. ಅದನ್ನು ಬಡವರ ಮೀನು ಎಂದು ಮೂಗು ಮುರಿಯುವವರಿದ್ದಾರೆ. ಬಡತನ ಮೀನಿನದ್ದಲ್ಲ, ದಾರಿಯದು.

ಒಲೆಯ ಮೇಲೆ ಕಾವಲಿ. ಒಂದಿಷ್ಟು ತೆಂಗಿನೆಣ್ಣೆಯಲ್ಲಿ ಮೊದಲು ಮೆಣಸು: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗಿಡ್ಡ ಮೆಣಸು. ಮೆಣಸು ಉಬ್ಬಿ ಹೊಳಪು ಬಂದ ಕೂಡಲೇ ತೆಗೆದು ಬದಿಗಿಟ್ಟರು. ಆಮೇಲೆ ಕೊತ್ತಂಬರಿ, ಜೀರಿಗೆ, ನಾಲ್ಕೇ ನಾಲ್ಕು ಕಾಳು ಮೆಂತ್ಯೆ, ಒಂದು ಚಿಟಿಕೆ ಓಮ. ಪ್ರತಿಯೊಂದೂ ಬೇರೆ ಬೇರೆ. “ಒಟ್ಟಿಗೆ ಹಾಕಿದ್ರೆ ಮೆಂತ್ಯೆ ಕರಟಿ ಹೋಗ್ತದೆ, ಕೊತ್ತಂಬರಿ ಹಸಿ ಉಳೀತದೆ.” ಬೆಳ್ಳುಳ್ಳಿ, ಅರಿಶಿನ, ಹುಣಿಸೆಹುಳಿ ಸೇರಿಸಿ ಕಡೆಯುವ ಕಲ್ಲಿನಲ್ಲಿ ಅರೆದರು. ಮಿಕ್ಸಿ ಮನೆಯಲ್ಲಿತ್ತು. ಕಲ್ಲಿಗೆ ಕೂತದ್ದು ಪರವೂರಿನವನಿಗಾಗಿಯೋ ಮೀನಿಗಾಗಿಯೋ ಕೇಳಲಿಲ್ಲ. ಮಸಾಲೆ ಬೆಣ್ಣೆಯಷ್ಟು ನುಣ್ಣಗಾಗುವವರೆಗೆ ಬಿಡಲಿಲ್ಲ.

ಪುಳಿಮುಂಚಿಗೆ ತೆಂಗಿನಕಾಯಿ ಇಲ್ಲ. ತೆಂಗಿನ ಮರಗಳ ನಡುವೆಯೇ ಕೂತು ತೆಂಗಿಲ್ಲದ ಸಾರು ಏಕೆ ಎಂದು ಕೇಳಿದೆ. “ಕಾಯಿ ಹಾಕಿದ್ದು ಗಸಿ. ಅದು ಇವತ್ತಿಗೆ. ಇದು ನಾಳೆಗೂ ಆಗ್ಬೇಕಲ್ಲ,” ಎಂದರು. ಮಣ್ಣಿನ ಪಾತ್ರೆಯಲ್ಲಿ ಮಸಾಲೆಗೆ ನೀರು ಬೆರೆಸಿ, ಈರುಳ್ಳಿ, ಜಜ್ಜಿದ ಶುಂಠಿ, ಕರಿಬೇವು ಹಾಕಿ ಚೆನ್ನಾಗಿ ಕುದಿ ಬರಿಸಿದರು. ಹಸಿ ವಾಸನೆ ಹೋಗಿ ಎಣ್ಣೆ ಅಂಚಿನಲ್ಲಿ ಕಾಣಿಸಿಕೊಂಡ ಮೇಲೆ ಮೀನನ್ನು ಒಂದೊಂದಾಗಿ ಜಾರಿಸಿದರು. ಸೌಟು ಪಕ್ಕಕ್ಕೆ ಹೋಯಿತು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎರಡು ಸಲ ಮೆಲ್ಲಗೆ ಕುಲುಕಿದರು.

ಆ ಕುಲುಕು ನನಗೆ ಗೊತ್ತಿತ್ತು. ಆಂಡರ್ಸನ್‌ಪೇಟೆಯ ಪಕ್ಕದ ಮನೆಯ ದೊಡ್ಡಮ್ಮ ಚಟ್ಟಿಯಲ್ಲಿ ಕೊಳಂಬು ಮಾಡುವಾಗ ಹೀಗೆಯೇ, ಮೀನು ಬಿದ್ದ ಮೇಲೆ ಸೌಟು ಮುಟ್ಟುತ್ತಿರಲಿಲ್ಲ. ಅಲ್ಲಿ ಎಳ್ಳೆಣ್ಣೆ, ಇಲ್ಲಿ ತೆಂಗಿನೆಣ್ಣೆ. ಅಲ್ಲಿ ಟೊಮೇಟೊ, ಸಾಂಬಾರ್ ಈರುಳ್ಳಿ, ಮಾವಿನಕಾಯಿಯ ಕಾಲದಲ್ಲಿ ಎರಡು ಹೋಳು ಮಾವು. ಇಲ್ಲಿ ಓಮದ ಘಾಟು. ಹುಣಿಸೆ, ಮೆಂತ್ಯೆ, ಮಣ್ಣಿನ ಪಾತ್ರೆ ಎರಡೂ ಕಡೆ ಒಂದೇ. ನಾಳೆಗೆ ರುಚಿ ಹೆಚ್ಚು ಎಂಬ ನಂಬಿಕೆಯೂ ಒಂದೇ. ಹಿಡಿದ ಊರಿಗೂ ಕೊಂಡ ಊರಿಗೂ ನಡುವೆ ಇಡೀ ಕರ್ನಾಟಕದ ಅಗಲವಿದ್ದರೂ ಮೀನು ಮುರಿಯಬಾರದು ಎಂಬ ಕಾಳಜಿಗೆ ದೂರವಿಲ್ಲ.

ಕುಚ್ಚಲಕ್ಕಿ ಅನ್ನದ ಮೇಲೆ ಕೆಂಪು ಗಟ್ಟಿ ಸಾರು ಬಿತ್ತು. ಮೊದಲ ತುತ್ತಿಗೆ ಹುಳಿ, ಆಮೇಲೆ ಖಾರ, ಅದರ ಹಿಂದೆ ಮೀನಿನ ಸಿಹಿ. ಸಿಹಿ ಎಂಬ ಮಾತನ್ನು ನಾನು ಹಿಂದೆಂದೂ ಬಂಗುಡೆಗೆ ಬಳಸಿರಲಿಲ್ಲ. ಬೆನ್ನುಮೂಳೆಯಿಂದ ಮಾಂಸ ತಾನಾಗಿ ಬಿಟ್ಟುಕೊಂಡಿತು. “ಇನ್ನೊಂದು ಹಾಕ್ಲಾ?” ಎಂದು ಕೇಳುವ ಮೊದಲೇ ಹಾಕಿಯಾಗಿತ್ತು. ಮರುದಿನ ಬೆಳಿಗ್ಗೆ ನೀರುದೋಸೆಗೆ ಅದೇ ಸಾರು. ರಾತ್ರಿಯೆಲ್ಲ ಹುಳಿಯಲ್ಲಿ ಕೂತ ಮೀನಿಗೆ ಇನ್ನೊಂದು ಗತ್ತು ಬಂದಿತ್ತು.

ಹಗ್ಗ ಎಳೆದ ದಿನವೇ ಸಂಜೆ ಆ ಸಾಲಿನ ಹಿರಿಯರು ಗೆಳೆಯನ ಮನೆಯ ಜಗಲಿಗೆ ಬಂದರು. ಬಲೆ ಹೆಣೆಯುವ ಕೈ ಸುಮ್ಮನಿರದೆ ಮಾತಿನ ಜೊತೆಗೆ ಗಾಳಿಯಲ್ಲೇ ಗಂಟು ಹಾಕುತ್ತಿತ್ತು. “ನೀವು ನೋಡಿದ್ದು ಕೈರಂಪಣಿ. ರಂಪಣಿ ನೋಡ್ಬೇಕಿತ್ತು,” ಎಂದು ಶುರು ಮಾಡಿದರು. ಒಂದು ಕಿಲೋಮೀಟರಿಗೂ ಉದ್ದದ ಬಲೆ, ಎಳೆಯಲು ಊರಿಗೆ ಊರೇ. ರಂಪಣಿಯ ತಂಡಗಳಲ್ಲಿ ಪಾಲುದಾರರು ಸೇರಿ ಬಲೆ ಕೊಳ್ಳುತ್ತಿದ್ದರು, ಬಂದದ್ದನ್ನು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರುವ ಮೀನಿನ ಗುಂಪನ್ನು ಅವು ದಾರಿಯಲ್ಲೇ ಸುತ್ತುವರಿದವು. ಜಗಳವಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಕರಾವಳಿಯಿಂದ ಹೆಚ್ಚುಕಡಿಮೆ ಮರೆಯಾಯಿತು. ರಂಪಣಿಯ ಪಾಲುದಾರರಲ್ಲೇ ಕೆಲವರು ಪರ್ಸೀನ್ ಕೊಂಡರು, ಉಳಿದವರ ಮಕ್ಕಳು ಅದರಲ್ಲಿ ಕೆಲಸಕ್ಕೆ ಹೋದರು.

ಹಾಗಾದರೆ ಬೆಳಿಗ್ಗೆ ನಾನು ಕಂಡದ್ದು ಉಳಿದುಕೊಂಡ ಒಂದು ತುಂಡು. ಪಾಲಿನ ಲೆಕ್ಕ ಕಡಲಿನ ಸ್ವಭಾವವಲ್ಲ. ಹಗ್ಗ ಎಷ್ಟು ಉದ್ದ, ಎಷ್ಟು ಕೈಗಳು ಬೇಕು ಎಂಬುದರ ಮೇಲೆ ನಿಂತದ್ದು. ಕೈಗಳು ಬೇಕಿಲ್ಲವೆಂದಾದ ದಿನ ಪಾಲೂ ಚಿಕ್ಕದಾಗುತ್ತದೆ. ಈಗಿನ ತೊಂದರೆಗಳನ್ನೂ ಅವರು ಮುಚ್ಚಿಡಲಿಲ್ಲ. ರಾತ್ರಿ ದೊಡ್ಡ ದೀಪ ಬಿಟ್ಟು ಮೀನನ್ನು ಸೆಳೆಯುವ ಬೆಳಕು ಮೀನುಗಾರಿಕೆಗೆ 2017ರಲ್ಲಿ ನಿಷೇಧ ಬಂದರೂ ದೂರು ನಿಂತಿಲ್ಲ. ಬೂತಾಯಿ ಕೆಲವು ವರ್ಷ ಕೈ ಕೊಡುತ್ತದೆ, ಕೆಲವು ವರ್ಷ ಬುಟ್ಟಿ ಹಿಡಿಸದಷ್ಟು ಬರುತ್ತದೆ. ಮರಿ ಮೀನು ಬಲೆಗೆ ಬಿದ್ದರೆ ಮುಂದಿನ ವರ್ಷದ ಅನ್ನವೇ ಹೋದಂತೆ. ಕೇರಳದಲ್ಲಿ ಹದಿನಾಲ್ಕು ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ ಎಂಬ ನಿಯಮವಿದೆ.

ಮಾತು ಸಾವಿನ ಕಡೆಗೂ ಹೊರಳಿತು. ಮಲ್ಪೆಯಲ್ಲಿ ‘ಸುವರ್ಣ ತ್ರಿಭುಜ’ದ ಹೆಸರು ಎತ್ತದೆ ಕಡಲಿನ ಮಾತು ಮುಗಿಯುವುದಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದ ದೋಣಿ ಅದು. ತಿಂಗಳುಗಳ ಹುಡುಕಾಟದ ಮೇಲೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ಅವಶೇಷ ಸಿಕ್ಕಿತು. ನಾನು ನಮ್ಮ ಏರ್ ಬ್ಲಾಸ್ಟಿನ ಬಗ್ಗೆ ಹೇಳಿದೆ. ಆಳದ ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಯಾವ ಮನೆಯ ಗಂಡಸು ಯಾವ ಪಾಳಿಯಲ್ಲಿದ್ದಾನೆ ಎಂದು ಹೆಂಗಸರು ಬೀದಿಗೆ ಬಂದು ನಿಲ್ಲುತ್ತಿದ್ದರು. ಹಿರಿಯರು ತಲೆಯಾಡಿಸಿದರು. ಕಾಯುವ ಕೆಲಸ ಅವರ ಮನೆಗಳಲ್ಲೂ ಇತ್ತು.

“ನಿಮ್ಮಲ್ಲಿ ಕಡಲು ಹತ್ರ ಇಲ್ವಾ?” ಎಂದು ಆಮೇಲೆ ಕೇಳಿದರು. ಇತ್ತು ಎಂದೆ. ನಮ್ಮ ಗಣಿಯ ಕಪ್ಪು ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ. ನೀರಿಗೆ ಬಿದ್ದು ತಣಿದು ದಿಂಬಿನಾಕಾರಕ್ಕೆ ಗಟ್ಟಿಯಾದ ಗುರುತು ಅದರಲ್ಲಿ ಇನ್ನೂ ಇದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಅಂಥ ಜ್ವಾಲಾಮುಖಿ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಹಿರಿಯರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಹಾಗಾದ್ರೆ ನಿಮ್ಮ ಕಡಲಿಗೆ ರಜೆ ಸ್ವಲ್ಪ ಜಾಸ್ತಿಯಾಯ್ತು ಮಾರಾಯ್ರೆ,” ಎಂದರು. ಜಗಲಿಯ ತುಂಬ ನಗು.

ರಜೆಯ ಮಾತು ಊರಿಗೆ ಬರುವ ದಾರಿಯುದ್ದಕ್ಕೂ ಜೊತೆಗಿತ್ತು. ಕಡಲು ವರ್ಷಕ್ಕೊಮ್ಮೆ ಮುಚ್ಚಿ ಮತ್ತೆ ತೆರೆಯುತ್ತದೆ. ನಮ್ಮ ಗಣಿ ವರ್ಷವಿಡೀ ಮೂರು ಪಾಳಿ ನಡೆದು 2001ರ ಫೆಬ್ರವರಿ 28ರಂದು ಒಮ್ಮೆಗೇ ಮುಚ್ಚಿತು. ಹೋಲಿಕೆ ಸುಲಭ, ಅದಕ್ಕೇ ಅನುಮಾನ. ಚಿನ್ನ ಮರಿ ಹಾಕುವುದಿಲ್ಲ. ವರ್ಷಕ್ಕೆರಡು ತಿಂಗಳು ರಜೆ ಕೊಟ್ಟಿದ್ದರೆ ಅದಿರು ಹೆಚ್ಚುತ್ತಿರಲಿಲ್ಲ. ಆದ್ದರಿಂದ ಗಣಿಗೂ ಕಡಲಿಗೂ ಇರುವ ವ್ಯತ್ಯಾಸವನ್ನು ರಜೆಯಲ್ಲಿ ಹುಡುಕಿ ಫಲವಿಲ್ಲ, ಪಾಲಿನಲ್ಲಿಯೇ ಹುಡುಕಬೇಕು.

ಊರಿಗೆ ಬಂದ ಮೇಲಿನ ಭಾನುವಾರ ಪೇಟೆಯಿಂದ ಐಸ್ ಬಂಗುಡೆ ತಂದು ಪುಳಿಮುಂಚಿ ಮಾಡಿದೆ. ಪಕ್ಕದ ಮನೆಯ ದೊಡ್ಡಪ್ಪನಿಗೆ ಒಂದು ಬಟ್ಟಲು ಕೊಟ್ಟೆ. ಜೀವಮಾನವಿಡೀ ಗಣಿಯೊಳಗೆ ದುಡಿದವರು. ಉಂಡು, “ನಲ್ಲೆಣ್ಣೆ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು,” ಎಂದರು. ನಾನು ಕೈರಂಪಣಿಯ ಕಥೆ, ಹಗ್ಗ ಹಿಡಿದವರ ಪಾಲಿನ ಕಥೆ, ಅದಕ್ಕೆ ನಮ್ಮ ಗೇಟಿನ ತಪಾಸಣೆಯ ಕಥೆ ಸೇರಿಸಿ ಹೇಳಿದೆ. ಅವರು ಒಪ್ಪುತ್ತಾರೆಂದುಕೊಂಡಿದ್ದೆ.

“ನಿಮ್ ಮೀನಿನವರಿಗೆ ಪಿಎಫ್ ಇದೆಯಾ?” ಎಂದರು. “ಆಸ್ಪತ್ರೆ? ಬೆಂಗಳೂರಿಗೆ ದೀಪ ಬರೋ ಮುಂಚೆ ನಮ್ಮೂರಿಗೆ ಕರೆಂಟ್ ಬಂತು ಕಣಪ್ಪ. ನನ್ನ ಮಕ್ಕಳು ಓದಿದ್ದು ಆ ಸಂಬಳದಲ್ಲಿ. ಮೀನು ಬರದ ದಿನ ನಿನ್ನ ಹಗ್ಗದವನು ಏನು ತಿಂತಾನೆ?”

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ಬರಿಗೈ ದಿನಗಳನ್ನು ಪಡುಕೆರೆಯವರು ನನಗೆ ತೋರಿಸಿರಲಿಲ್ಲ, ನಾನು ಹೋದದ್ದು ಮೀನು ಬಂದ ದಿನ. ಸಂಬಳವೂ ಒಂದು ಪಾಲೇ. ಮಳೆಗಾಲದಲ್ಲೂ ನಿಲ್ಲದ ಪಾಲು. ದೊಡ್ಡಪ್ಪನ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಪಡುಕೆರೆಯನ್ನು ಹೊಗಳುವುದು ಪ್ರವಾಸಿಯ ಚಪಲ ಅಷ್ಟೇ.

ಆದರೂ ಒಂದು ಮಾತು ಉಳಿಯುತ್ತದೆ. ಆ ದಡದಲ್ಲಿ ಪಾಲು ಹಾಕಿದವರು ಅದೇ ಹಗ್ಗವನ್ನು ಹಿಡಿದವರು. ಯಾರ ಅಂಗೈ ಉಜ್ಜಿದೆ, ಯಾವ ಹುಡುಗ ಬರೀ ಜೋತುಬಿದ್ದ ಎಂಬುದು ಅವರಿಗೆ ಕಣ್ಣೆದುರೇ ಗೊತ್ತಿತ್ತು. ರಂಪಣಿಯ ಕಾಲ ಮುಗಿದದ್ದು ಹಂಚುವವರು ದಡ ಬಿಟ್ಟು ದೂರ ಹೋದಾಗ. ನಮ್ಮಲ್ಲಿ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಾಗಿನಿಂದ ಲೆಕ್ಕದ ಪುಸ್ತಕ ಲಂಡನ್ನಿನಲ್ಲಿತ್ತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದಾಗ ಬೆಂಗಳೂರಿಗೆ, ಆಮೇಲೆ ದೆಹಲಿಗೆ ಹೋಯಿತು. ಮುಚ್ಚುವ ತೀರ್ಮಾನವೂ ಅಲ್ಲಿಯೇ ಆಯಿತು. ಶಾಫ್ಟಿನ ಬಾಯಿಯ ಬಳಿ ಆ ಪುಸ್ತಕ ಎಂದೂ ತೆರೆದುಕೊಳ್ಳಲಿಲ್ಲ. ಈಗ ನಮ್ಮ ಹುಡುಗರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಯೂ ಅವರ ಪಾಲನ್ನು ಬರೆಯುವವರು ಅವರು ಕಾಣದ ಊರುಗಳಲ್ಲಿದ್ದಾರೆ.

ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಬಟ್ಟಲು ಒರೆಸಿ ಕೊಡುತ್ತಾ, “ಅದು ಸರಿ. ಲೆಕ್ಕ ಬರೆಯೋನು ಎದುರಿಗೆ ಇದ್ರೆ ಜಗಳನಾದ್ರೂ ಆಡಬಹುದಿತ್ತು,” ಎಂದರು. ಮುಂದಿನ ಸೋಣಕ್ಕೆ ಪಡುಕೆರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಬೇಕು. ಹಗ್ಗ ಹಿಡಿಯುವ ವಯಸ್ಸಲ್ಲ. ಆದರೆ ಪಾಲು ಹಾಕುವಾಗ ಪಕ್ಕದಲ್ಲಿ ನಿಂತು ತಕರಾರು ತೆಗೆಯಲು ಅವರಿಗಿಂತ ತಕ್ಕವರು ಸಿಗಲಾರರು.